ಕತ್ತರಿಯಕ್ಕ ಮತ್ತು ದಾರ ಪೋಣಿಸಿದ ಹತ್ತು ಸೂಜಿ

ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಹೆಂಗಸನ್ನು ಎಲ್ಲರೂ ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಕೈಯಲ್ಲಿರುವ ಕತ್ತರಿಗಿಂತ ಅವಳ ಬಾಯಿ ಹರಿತ ಎಂಬುದೂ ಅದಕ್ಕೊಂದು ಕಾರಣ. ಆ ದಿನವಂತೂ ಅವಳ ತಾಳ್ಮೆ ಮಧ್ಯಾಹ್ನದ ಊಟಕ್ಕೆ ಮೊದಲೇ ತೀರಿಹೋಗಿತ್ತು. ಒಬ್ಬ ಗಿರಾಕಿ ಮೂರು ಸಲ ಬಂದು ಒಂದೇ ಕಿಟಕಿಗೆ ಮೂರು ಅಳತೆ ಹೇಳಿ ಹೋಗಿದ್ದ. ಕಿಟಕಿಯೇನು ಗಂಟೆಗೊಂದಿಷ್ಟು ಬೆಳೆಯುತ್ತದೆಯೇ? ಹೊಲಿಗೆ ಯಂತ್ರದ ಬೆಲ್ಟು ಎರಡು ಸಲ ಕಿತ್ತುಬಂತು. ಇದರ ನಡುವೆ ಯಜಮಾನ ಆಗಾಗ ಬಾಗಿಲಲ್ಲಿ ತಲೆ ತೂರಿಸಿ, "ಮಖಮಲ್ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದ. ಎಲ್ಲಿಗೂ ಹೋಗಿಲ್ಲ, ಇಲ್ಲೇ ಬಿದ್ದುಕೊಂಡಿದೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಬಂದು ವಾಪಸ್ಸು ಹೋಗುತ್ತಿತ್ತು.

ಒಂದು ಸಭಾಂಗಣದ ವೇದಿಕೆಗೆ ದ್ರಾಕ್ಷಿ ಬಣ್ಣದ ಮಖಮಲ್ ಪರದೆ. ಎಂಟು ತುಂಡು ಜೋಡಿಸಬೇಕು, ಮರುದಿನ ಮಧ್ಯಾಹ್ನ ಏರಿಸಬೇಕು. ಮಖಮಲ್ಲಿಗೊಂದು ದಿಕ್ಕಿದೆ. ಮೇಲಿನಿಂದ ಕೆಳಗೆ ಸವರಿದರೆ ನುಣುಪು, ಕೆಳಗಿನಿಂದ ಮೇಲಕ್ಕೆ ಸವರಿದರೆ ಒರಟು. ಒಂದು ತುಂಡು ತಲೆಕೆಳಗಾದರೂ ಸಾಕು, ಅದರ ಬಣ್ಣವೇ ಬೇರೆ ಕಾಣುತ್ತದೆ. ಅದಕ್ಕೇ ಕತ್ತರಿಸಿದ ಕೂಡಲೇ ಹಿಂಬದಿಗೆ ಸೀಮೆಸುಣ್ಣದಲ್ಲೊಂದು ಬಾಣ ಬರೆದಿಡುವುದು ಕತ್ತರಿಯಕ್ಕನ ಪದ್ಧತಿ. ಇಪ್ಪತ್ತೆರಡು ವರ್ಷದಲ್ಲಿ ಆ ಬಾಣ ಅವಳಿಗೆ ಕೈಕೊಟ್ಟಿರಲಿಲ್ಲ.

ಐದೂವರೆಗೆ ಗೆಳತಿ ಬಂದಳು, ಎದುರು ಸಾಲಿನ ಬಟನ್ ಅಂಗಡಿಯವಳು. ದಿನಾ ಬಂದು ಕತ್ತರಿಸುವ ಮೇಜಿನ ಮೇಲೇ ಕೂರುವುದು, ಬಾಯಿಗೆ ಬಿಡುವು ಕೊಡದೆ ಹರಟುವುದು, ಹರಟುತ್ತಲೇ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುವುದು. ಆಮೇಲೆ ಇಬ್ಬರೂ ಬಸ್ಸಿಗೆ ಹೊರಟರೆ, ರಸ್ತೆ ದಾಟುವಲ್ಲಿ ಇವಳ ಮೊಣಕೈ ಹಿಡಿದು ಮಗುವನ್ನು ಎಳೆದ ಹಾಗೆ ಎಳೆಯುವುದು. ಒಂದೊಂದೂ ಕತ್ತರಿಯಕ್ಕನ ಮೈ ಉರಿಸುತ್ತಿತ್ತು. ಆದರೂ ಐದು ಗಂಟೆಯಾಯಿತೆಂದರೆ ಅವಳ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು.

"ಇಳಿಯೇ ಕೆಳಗೆ. ಅದು ಮೇಜು, ನಿನ್ನ ಮನೆ ಮಂಚ ಅಲ್ಲ."

"ಕೂತ್ರೆ ಸವೆದು ಹೋಗುತ್ತಾ?" ಗೆಳತಿ ಸೂಜಿದಿಂಬನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇವತ್ತೊಬ್ಬ ಬಂದಿದ್ದ ಕಣೇ. ಕೋಟಿಗೆ ಹೊಂದೋ ಬಟನ್ ಕೊಡಿ ಅಂದ. ಕೋಟು ಎಲ್ರೀ ಅಂದೆ. ಕಳೆದುಹೋಗಿದೆ, ಸಿಕ್ಕಿದ ತಕ್ಷಣ ಹಚ್ಚೋಕೆ ಇರ್ಲಿ ಅಂತ, ಅಂದ."

"ನಿನ್ನ ಗಿರಾಕಿಗಳೂ ನಿನ್ನ ಹಾಗೇ," ಎಂದು ಕತ್ತರಿಯಕ್ಕ ಗಂಟುಮೋರೆ ಹಾಕಲು ನೋಡಿದಳು. ನಗು ತಡೆಯಲಾಗಲಿಲ್ಲ. ಬೆಳಗಿನಿಂದ ಅದೇ ಮೊದಲ ನಗು.

ಮಾತಿನ ನಡುವೆ ಗೆಳತಿಯ ಅಂಗೈ ಪರದೆಯ ಮೇಲೆ ಓಡಾಡುತ್ತಿತ್ತು. "ಇದೊಂದು ತುಂಡು ಯಾಕೇ ಒರಟು?"

"ಮಖಮಲ್ ಪಾಠ ನನಗೇ ಹೇಳ್ತೀಯಾ? ನಿನ್ನ ಬಟನ್ ನೀನು ನೋಡ್ಕೋ."

ಹಾಗೆಂದರೂ ತಾನೂ ಸವರಿ ನೋಡಿದಳು. ಮೂರನೆಯದು ತಲೆಕೆಳಗು. ಆರನೆಯದೂ ತಲೆಕೆಳಗು. ಹಿಂಬದಿ ಮಗುಚಿ, ಮೂಗು ತಾಗುವಷ್ಟು ಬಗ್ಗಿದ ಮೇಲೆ ಬಾಣ ಕಂಡಿತು. ಬರೆದದ್ದು ಸರಿಯಾಗಿಯೇ ಇತ್ತು, ಜೋಡಿಸಿದ್ದು ತಪ್ಪಿತ್ತು. ದಿಟ್ಟಿಸಿದರೆ ಯಾರಿಗಾದರೂ ಆ ಎರಡು ತುಂಡು ಬೇರೆಯೇ ಬಣ್ಣವಾಗಿ ಕಾಣುತ್ತಿದ್ದವು. ಮಧ್ಯಾಹ್ನದಿಂದ ಅದರ ಸುತ್ತಲೇ ತಿರುಗಿದ ಅವಳಿಗೆ ಕಂಡಿರಲಿಲ್ಲ.

ಕತ್ತರಿಯಕ್ಕ ಕುರ್ಚಿಗೆ ಕುಸಿದಳು. ಆರು ತಿಂಗಳಿಂದ ಸುಣ್ಣದ ಗೆರೆ ಮಂಜಾಗುತ್ತಿತ್ತು. ಮನೆಯಲ್ಲಿ ತಂಗಿಗೂ ಹೇಳಿರಲಿಲ್ಲ. ಯಜಮಾನನ ಕಿವಿಗೆ ಬಿದ್ದರೆ ಈ ಮೇಜು ತನ್ನ ಕೈತಪ್ಪಿತೆಂದೇ ಲೆಕ್ಕ. ಕಣ್ಣು ಕಾಣದವಳ ಕೈಗೆ ಯಾರು ಕತ್ತರಿ ಕೊಡುತ್ತಾರೆ?

ಗೆಳತಿ ಯಾಕೆ, ಏನು ಎಂದು ಕೇಳಲಿಲ್ಲ. ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದಳು. "ನೇರ ತುಂಡು ತಾನೇ? ಬಿಚ್ಚಿ ತಿರುಗಿಸಿದ್ರಾಯ್ತು. ಬೆಳಿಗ್ಗೆ ಬೇಗ ಬಂದು ಹೊಲಿ. ಈಗ ಆ ಕಡೆ ಹಿಡ್ಕೋ."

ಒಂದು ತುಂಡು ಬಿಚ್ಚಿ ಮುಗಿಯುವಷ್ಟರಲ್ಲಿ ಯಜಮಾನ ಬಂದ. "ಏನಿದು? ಹೊಲಿದಿದ್ದನ್ನ ಬಿಚ್ತಾ ಕೂತಿದ್ದೀರಾ?"

"ತಪ್ಪು ನಂದೇ," ಎಂದಳು ಗೆಳತಿ. "ಹರಟೆ ಹೊಡೆದು ಅವಳ ಗಮನ ತಪ್ಪಿಸಿಬಿಟ್ಟೆ."

"ನಂಗೊತ್ತಿತ್ತು, ಒಂದಿನ ಹೀಗಾಗುತ್ತೆ ಅಂತ. ನೋಡಮ್ಮ, ನಾಳೆಯಿಂದ ಈ ಕೋಣೆಗೆ ಕಾಲಿಡಬೇಡ."

ಗೆಳತಿ ತಲೆ ತಗ್ಗಿಸಿ ಆಗಲಿ ಎಂದಳು. ಕತ್ತರಿಯಕ್ಕನಿಗೆ ರೇಗಿದ್ದು ಅದಕ್ಕೇ. ಇಷ್ಟು ವರ್ಷ ಯಾರಿಗೂ ಬಗ್ಗದ ಬಾಯಿ ಇವತ್ತು ಬಗ್ಗಬೇಕೇ? ಅದೂ ತನಗಾಗಿ?

"ಸುಮ್ನಿರೇ ನೀನು." ಕತ್ತರಿಯಕ್ಕ ಎದ್ದು ನಿಂತಳು. "ಇವಳು ಬರೋಕೆ ಮುಂಚೆನೇ ತಪ್ಪಾಗಿತ್ತು. ನಾನು ಬರೆದ ಗುರುತು ನನಗೇ ಕಾಣ್ಲಿಲ್ಲ. ಆರು ತಿಂಗಳಿಂದ ಕಣ್ಣು ಮಂಜು. ಬಿಡಿಸೋದಾದ್ರೆ ನನ್ನನ್ನ ಕೆಲಸದಿಂದ ಬಿಡಿಸಿ. ನಾನಿರೋ ತನಕ ಇವಳು ಇಲ್ಲಿಗೆ ಬರ್ತಾಳೆ."

ಯಜಮಾನ ತನ್ನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವಳನ್ನು ನೋಡಿದ. "ಆರು ತಿಂಗಳು? ಒಂದು ಕನ್ನಡಕ ಹಾಕ್ಕೊಳೋಕೆ ಏನು ಧಾಡಿ ನಿಮಗೆ? ನಾನು ಹಾಕ್ಕೊಂಡಿಲ್ವಾ? ನಾಳೆ ಪರದೆ ಏರಿಸಿ ಸೀದಾ ಕಣ್ಣು ತೋರಿಸ್ಕೊಂಡು ಬನ್ನಿ. ಅಲ್ಲೀತನಕ ಕತ್ತರಿ ಮುಟ್ಟಬೇಡಿ." ಗೊಣಗುತ್ತಾ ಹೊರಟುಹೋದ.

ಇಷ್ಟೇ. ಇಷ್ಟಕ್ಕೆ ಆರು ತಿಂಗಳು ನಿದ್ದೆ ಕೆಡಿಸಿಕೊಂಡಿದ್ದಳು. ಅವಳಿಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಇನ್ನೊಂದು ತುಂಡನ್ನೂ ಬಿಚ್ಚಿಟ್ಟು, ದೀಪ ಆರಿಸಲು ಹೋದಾಗ ಸೂಜಿದಿಂಬು ಕಣ್ಣಿಗೆ ಬಿತ್ತು. ಹತ್ತು ಸೂಜಿ, ಹತ್ತು ದಾರ. ತಾನು ಕೊನೆಯ ಸಲ ದಾರ ಪೋಣಿಸಿದ್ದು ಯಾವಾಗ ಎಂದು ನೆನಪು ಮಾಡಿಕೊಂಡಳು. ನೆನಪಾಗಲಿಲ್ಲ.

"ನಿನಗೆ ಯಾವಾಗಿಂದ ಗೊತ್ತು?"

"ಸೂಜಿ ಒಂದು ಕಡೆ ಹಿಡಿದು, ದಾರಾನ ಇನ್ನೊಂದು ಕಡೆ ಗಾಳಿಗೆ ಚುಚ್ತಿದ್ದೆಯಲ್ಲ, ಅವತ್ತಿಂದ."

"ಬಾಯಿ ಬಿಟ್ಟು ಹೇಳಬಾರದಿತ್ತಾ? ಬೇಡದ್ದೆಲ್ಲ ಹೇಳ್ತೀಯ."

"ಹೇಳಿದ್ರೆ ನನ್ನ ಹತ್ರ ಮಾತು ಬಿಡ್ತಿದ್ದೆ."

ಬಿಡುತ್ತಿದ್ದಳು, ಅದರಲ್ಲಿ ಅನುಮಾನವಿರಲಿಲ್ಲ. ದೀಪ ಆರಿಸಿ, ಅಂಗಡಿಯಿಂದ ಇಳಿದು ಇಬ್ಬರೂ ರಸ್ತೆಯ ಅಂಚಿಗೆ ಬಂದರು. ಸಂಜೆಯ ವಾಹನಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ಗೆಳತಿ ಕೈ ಚಾಚುವ ಮೊದಲೇ ಕತ್ತರಿಯಕ್ಕ ತನ್ನ ಮೊಣಕೈಯನ್ನು ಅವಳ ಕಡೆ ಒಡ್ಡಿದಳು.

"ಹಿಡ್ಕೋ. ಎಳೀಬೇಡ, ಅಷ್ಟೇ."