ಕಾರ್ನ್‌ಫ್ಲೇಕ್ಸ್ ರಟ್ಟಿನ ಮೇಲಿನ ಅಮೆರಿಕ

ನಾನು ಓದಲು ಹೋಗಿದ್ದ ಹೊರದೇಶದ ಊರು ಟಾಲಾದ ಆ ಬಾಡಿಗೆ ಮನೆ ನೆನಪಾದರೆ ನನಗೆ ಮೊದಲು ಕಾಣುವುದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಅಮೆರಿಕ. ಕಾರ್ನ್‌ಫ್ಲೇಕ್ಸ್ ಡಬ್ಬ ಬಿಚ್ಚಿ, ರಟ್ಟಿನ ಒಳಮೈ ಮೇಲೆ ನಾನೇ ಬರೆದ ನಕ್ಷೆ. ಫ್ಲಾರಿಡಾ ಬದನೆಕಾಯಿಯಂತೆ ಬಂದಿತ್ತು.

ಲಾಕ್‌ಡೌನ್ ಕಾಲ. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿರಲಿಲ್ಲ. ನನ್ನ ಮಾಸ್ಟರ್ಸ್ ತರಗತಿಗಳೆಲ್ಲ ಮಂಚದ ಮೇಲಿನ ಲ್ಯಾಪ್‌ಟಾಪಿನಲ್ಲೇ. ಪಾಠಕ್ಕಿಂತ ಹೆಚ್ಚಾಗಿ ನಾನು ಕಲಿತದ್ದು ಅಮೆರಿಕದ ರಾಜಕೀಯ. ಯಾರೂ ಕಲಿಸಲಿಲ್ಲ, ವಿಡಿಯೊ ನೋಡಿ ನೋಡಿ ನನಗೆ ನಾನೇ ಪಂಡಿತನಾಗಿದ್ದೆ. ಅಧ್ಯಕ್ಷ ನನಗೆ ಮದುವೆಮನೆಯಲ್ಲಿ ಮೈಕ್ ಹಿಡಿದು ಬಿಡದ ದೊಡ್ಡಪ್ಪನಂತೆ ಕಾಣುತ್ತಿದ್ದ. ಎದುರಾಳಿ, ನಿವೃತ್ತಿಯಾದ ಮೇಲೂ ಶಾಲೆಗೆ ಬಂದು ಕೂರುವ ಹೆಡ್‌ಮಾಸ್ತರಂತೆ. ಅಷ್ಟು ದೊಡ್ಡ ದೇಶಕ್ಕೆ ಇವರಿಬ್ಬರೇ ಸಿಕ್ಕಿದರೇ ಎಂದು ಬೇಜಾರಾಗುತ್ತಿತ್ತು. ಆದರೂ ಕಾಯಿಲೆಯ ಬಗ್ಗೆ ಅಷ್ಟು ಹಗುರವಾಗಿ ಮಾತಾಡಿದವನು ಸೋಲಬೇಕು ಎಂಬುದು ನನ್ನ ತೀರ್ಮಾನ. ಇವತ್ತೂ ಅದನ್ನೇ ಹೇಳುತ್ತೇನೆ.

ನನ್ನ ಭಾಷಣ ಕೇಳುತ್ತಿದ್ದವರು ಒಬ್ಬರೇ, ಅಕ್ಕ. ಸ್ವಂತ ಅಕ್ಕನಲ್ಲ. ಮೈಸೂರಿನವರು, ನನಗಿಂತ ಆರು ವರ್ಷ ದೊಡ್ಡವರು, ಊಟದ ಮೇಜಿನ ಮೇಲೆ ಎರಡು ಮಾನಿಟರ್ ಇಟ್ಟುಕೊಂಡು ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದರು. ಮನೆಯ ಬಾಡಿಗೆ ಕರಾರು ಅವರ ಹೆಸರಿನಲ್ಲಿತ್ತು. ಮಹಡಿಯ ಮೇಲೆ ಹಿಂಬದಿಯ ಸಣ್ಣ ಕೋಣೆ ನನ್ನದು. ಅವರ ಗಂಡ ನ್ಯೂಜೆರ್ಸಿಯಲ್ಲಿ. ಮದುವೆಯಾಗಿ ಜೊತೆಗಿದ್ದದ್ದು ಹದಿನೈದು ದಿನ. ಅಕ್ಕ ಹೊರಡಬೇಕೆನ್ನುವಾಗ ಅಧ್ಯಕ್ಷ ಹೆಂಡತಿಯರನ್ನು ಕರೆಸಿಕೊಳ್ಳುವ ವೀಸಾಗಳಿಗೆ ತಡೆ ಹಾಕಿದ್ದ. ಅವನು ಸೋತರೆ ತಡೆ ಹೋಗುತ್ತದೆ, ಗೆದ್ದರೆ ಆಸೆ ಬಿಡಬೇಕು ಎಂದು ಅವರಿಗೆ ವಿವರಿಸಿದವನು ನಾನೇ. ಚುನಾವಣೆಯ ವಾರವೇ ಮನೆ ಮಾಲಕಿ ಇನ್ನೊಂದು ವರ್ಷದ ಕರಾರಿಗೆ ಸಹಿ ಕೇಳಿದ್ದರು.

ಎಣಿಕೆಯ ಬುಧವಾರ ಬೆಳಿಗ್ಗೆ ನಾನು ಕೆಂಪು ಸ್ಕೆಚ್‌ಪೆನ್ ಹಿಡಿದು ಫ್ರಿಜ್ ಮುಂದೆ ನಿಂತಿದ್ದೆ. ಅಧ್ಯಕ್ಷನ ಪಕ್ಷಕ್ಕೆ ಕೆಂಪು, ಎದುರಾಳಿಗೆ ನೀಲಿ.

"ಅಕ್ಕ, ಮುಗೀತು. ಅವನೇ ಮತ್ತೆ. ಈ ಲೀಡ್ ಎಲ್ಲಾ ಇಳಿಯಲ್ಲ."

ಅಕ್ಕ ಉಪ್ಪಿಟ್ಟು ಕೆದಕುತ್ತಿದ್ದರು. "ಪೋಸ್ಟಲ್ಲಿ ಬಂದಿರೋ ವೋಟು ರಾಶಿ ಇದೆ ಅಂತಿದ್ದೆಯಲ್ಲೋ?"

"ಅಯ್ಯೋ, ಅದನ್ನ ಫಸ್ಟೇ ಎಣಿಸಿರ್ತಾರೆ."

ನಮ್ಮ ದೇಶದಲ್ಲಿ ಬೆಳಿಗ್ಗೆ ಎಂಟಕ್ಕೆ ಎಣಿಕೆ ಶುರುವಾದರೆ ಮೊದಲು ಎಣಿಸುವುದೇ ಅಂಚೆ ಮತ. ಅಪ್ಪನ ಪಕ್ಕ ಟಿವಿ ಮುಂದೆ ಕೂತು ಚಿಕ್ಕಂದಿನಿಂದ ನೋಡಿದ್ದೇ ಅದು. ಅನುಮಾನವೇ ಬರಲಿಲ್ಲ.

ಅಕ್ಕ ಒಲೆ ಆರಿಸಿದರು. "ಸರಿ. ಸಂಜೆ ವಾಕ್ ಹೋಗ್ತಾ ಆ ಕರಾರಿಗೆ ಸೈನ್ ಹಾಕಿ ಕೊಟ್ಟು ಬರ್ತೀನಿ" ಅಂದರು. ಅವತ್ತು ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ. ಇಬ್ಬರೂ ಹಾಗೇ ತಿಂದೆವು.

ಸಂಜೆ ಹೊತ್ತಿಗೆ ಒಂದು ಲೇಖನ ಓದುವಾಗ ನನ್ನ ತಪ್ಪು ಗೊತ್ತಾಯಿತು. ಅಮೆರಿಕದಲ್ಲಿ ನಮ್ಮ ಹಾಗೆ ಒಂದೇ ಚುನಾವಣಾ ಆಯೋಗ ಇಲ್ಲ, ರಾಜ್ಯಕ್ಕೊಂದು ನಿಯಮ. ತೀವ್ರ ಪೈಪೋಟಿಯ ಕೆಲವು ರಾಜ್ಯಗಳಲ್ಲಿ ಅಂಚೆಯ ಲಕೋಟೆಗಳನ್ನು ಎಣಿಸುವುದು ಕೊನೆಗೆ. ಎಣಿಕೆ ಇನ್ನೂ ನಡೆಯುತ್ತಿತ್ತು.

ತಕ್ಷಣ ಕೆಳಗೆ ಓಡಬೇಕಿತ್ತು. ಓಡಲಿಲ್ಲ. ಅಕ್ಕ ಹೋದರೆ ಈ ಮನೆ ಹೋಗುತ್ತದೆ. ಸಂಜೆಯ ಕಾಫಿ, ಸಾರಿನ ಒಗ್ಗರಣೆಯ ವಾಸನೆ, "ಸಾಕು ನಿನ್ನ ಅಮೆರಿಕ, ತಟ್ಟೆ ತೊಳಿ" ಅನ್ನುವ ದನಿ ಎಲ್ಲ ಹೋಗುತ್ತದೆ. ಬೆಳಿಗ್ಗೆ ಅಷ್ಟು ಜೋರಾಗಿ ಕೆಂಪು ಬಳಿದವನೊಳಗೆ ಈ ಆಸೆಯೂ ಕೂತಿತ್ತೇನೋ. ಕೆಳಗೆ ಶೂ ಹಾಕಿಕೊಳ್ಳುವ ಸದ್ದು ಕೇಳಿದ ಮೇಲೆ ಎದ್ದೆ.

"ಅಕ್ಕ, ನಿಂತ್ಕೊಳ್ಳಿ! ಕೊಡ್ಬೇಡಿ. ನಾನ್ ಹೇಳಿದ್ದು ತಪ್ಪು. ಅಂಚೆ ವೋಟು ಇನ್ನೂ ಎಣಿಸ್ತಾನೇ ಇದಾರೆ. ಅವನು ಸೋತ್ರೂ ಸೋಲ್ಬಹುದು."

"ಯಾವಾಗ ಗೊತ್ತಾಯ್ತು?"

"ಅರ್ಧ ಗಂಟೆ ಆಯ್ತು."

"ಅರ್ಧ ಗಂಟೆ ಮೇಲೆ ಕೂತು ಏನ್ ಮಾಡ್ತಿದ್ದೆ?"

ಅವರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಕರಾರಿನ ಕಾಗದ ನೋಡಿದರು.

"ನಾನ್ ಹೋದ್ರೆ ನೀನು ಬೇರೆ ರೂಮ್ ಹುಡುಕ್ಬೇಕು. ಗೊತ್ತು ತಾನೆ?"

"ಗೊತ್ತು ಅಕ್ಕ."

"ಕತ್ತೆ. ಜಾಕೆಟ್ ಹಾಕ್ಕೋ, ಬಾ."

ಮಾಲಕಿಯ ಮನೆ ಎರಡು ಬೀದಿ ಆಚೆ. ಅಕ್ಕ ಗೇಟಿನ ಹೊರಗೇ ನಿಂತು, ಸಹಿ ಬೇಡ, ತಿಂಗಳು ತಿಂಗಳಿಗೆ ಇರುತ್ತೇವೆ ಅಂದರು. ಆಕೆ ಬಾಗಿಲಲ್ಲೇ ನಿಂತು, ಅಲ್ಲಿಯವರು ಆಗಲಿ ಎನ್ನುವ ರೀತಿಯಲ್ಲಿ "ಗ್ರ್ಯಾಂಡ್, ಗ್ರ್ಯಾಂಡ್" ಅಂದು ಒಳಗೆ ಹೋದರು. ಅಷ್ಟು ಸುಲಭವಾಗಿತ್ತು.

ಶನಿವಾರ ಸಂಜೆ ಅಧ್ಯಕ್ಷ ಸೋತ ಸುದ್ದಿ ಬಂದಾಗ ಅಕ್ಕನೇ ನೀಲಿ ಸ್ಕೆಚ್‌ಪೆನ್ ತಂದು ಕೈಗಿಟ್ಟರು. ಕೆಂಪಿನ ಮೇಲೆ ನೀಲಿ ಬಳಿದೆ. ಬಣ್ಣ ಪಕ್ಕದ ಖಾಲಿ ರಾಜ್ಯಗಳಿಗೂ ಹರಡಿತು. ಅವರು ಗಂಡನ ಜೊತೆ ವಿಡಿಯೊ ಕಾಲಿನಲ್ಲಿ ಅಳುತ್ತಾ ನಗುತ್ತಿದ್ದರು.

ವೀಸಾ ಬರಲು ಮುಂದಿನ ಬೇಸಿಗೆಯಾಯಿತು. ಹೊರಡುವ ಬೆಳಿಗ್ಗೆ ಅಕ್ಕ ಆ ರಟ್ಟನ್ನು ಫ್ರಿಜ್‌ನಿಂದ ಬಿಡಿಸಿ, ಮಡಚಿ ಪೆಟ್ಟಿಗೆಗೆ ಹಾಕಿಕೊಂಡರು.

"ಅಲ್ಲಿ ದಾರಿ ತಪ್ಪಿದ್ರೆ ನೋಡ್ಕೊಳ್ಳೋಕೆ."

"ಬದನೆಕಾಯಿ ಕಡೆ ಹೋಗ್ಬೇಡಿ ಅಕ್ಕ."

ಕೋಣೆ ಖಾಲಿ ಮಾಡುವ ಮುನ್ನ ಫ್ರಿಜ್ ಬಾಗಿಲನ್ನು ಒರೆಸಿದೆ. ಟೇಪಿನ ನಾಲ್ಕು ಅಂಟುಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಹಾಗೇ ಬಿಟ್ಟು ಬಂದೆ.