ಕೆಂಪು ಹಚ್ಚಿದ ಪದ್ಯ ನನ್ನದು

ಆ ಪದ್ಯ ಬರೆದವನು ದಾದಾಪೀರನಲ್ಲ, ನಾನು. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಶಿವಲಿಂಗಪ್ಪ.

ಹಿಂದಿನ ಕಾಲದ ಜಪಾನಿನಲ್ಲಿ ಕೆಲವು ವ್ಯಾಪಾರಿಗಳು ಹಗಲೆಲ್ಲ ಅಂಗಡಿ ನಡೆಸಿ, ಬೇರೊಂದು ಹೆಸರಿನಲ್ಲಿ ಪುಟ್ಟ ಪುಟ್ಟ ಕವಿತೆ ಬರೆಯುತ್ತಿದ್ದರಂತೆ. ಎಲ್ಲೋ ಓದಿದ್ದೆ. ಅವರಿಗಿದ್ದ ಎರಡನೆಯ ಬದುಕು ನನಗೇಕೆ ಇರಬಾರದು? 'ಕೆಂಜಿಗ' ಎಂದು, ಕಚ್ಚುವ ಕೆಂಪಿರುವೆಯ ಹೆಸರಿಟ್ಟುಕೊಂಡೆ. ಪತ್ರಿಕೆಗೆ ಕಳಿಸಿದೆ, ಅಚ್ಚಾದವು. ಹೆಂಡತಿಗೂ ಹೇಳಲಿಲ್ಲ. ಗೊತ್ತಿದ್ದದ್ದು ಒಬ್ಬನಿಗೇ — ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಗೆಳೆಯ ದಾದಾಪೀರನಿಗೆ. ಹೊಸ ಸಾಲು ಹೇಳಿದರೆ ಏಣಿಯ ಮೇಲಿಂದಲೇ ನಗುತ್ತಿದ್ದ: "ಇನ್ನೊಂದ್ಸಲ ಹೇಳ್ರಿ ಸಾವ್ಕಾರ್ರೆ."

ಆಮೇಲೆ ಬಂತು ಈ ಪದ್ಯ —

ಕೊಳೆತ ಅಡಿಕೆಗೆ ಕೆಂಪು ಹಚ್ಚಿ
ಮೊದಲ ದರ್ಜೆ ಎಂದು ಮಾರುವವನೇ,
ನಿನ್ನ ನಾಲಿಗೆ ಯಾವುದರಿಂದ ಕೆಂಪಾಯಿತು?

ಪೇಟೆಯ ಹುಡುಗರು ಇದನ್ನು ಹೇಳಿಕೊಂಡು ನಗತೊಡಗಿದರು. ಬಣ್ಣ ಹಚ್ಚುತ್ತಿದ್ದ ನಾಲ್ಕಾರು ವ್ಯಾಪಾರಿಗಳಿಗೆ ಉರಿಯಿತು. ಪ್ರತಿ ಮಳಿಗೆಯ ಒಳಹೊರಗು ಬಲ್ಲವನು, ಬೋರ್ಡಿನ ಮೇಲೂ ಪ್ರಾಸ ಕಟ್ಟುವವನು ಯಾರು? ದಾದಾಪೀರನನ್ನು ಕರೆಸಿದರು. ನಾನೂ ಅಲ್ಲೇ ಕೂತಿದ್ದೆ.

"ಬೋರ್ಡು ಬರೆಯಾಕೆ ಕರೆದ್ರೆ ನಮ್ಮ ಮಾನ ಹರಾಜು ಹಾಕ್ತೀಯೇನು?" ಎಂದರು ಹಿರಿಯರೊಬ್ಬರು.

ಅವನು ನನ್ನ ಕಡೆ ನೋಡಿದ. ನನ್ನ ಹೆಸರು ಹೇಳಬಹುದಿತ್ತು — ಹೇಳಲಿಲ್ಲ. ಆಗ ನಾನು, ಯಾರೂ ನನ್ನನ್ನು ಕೇಳದಿದ್ದರೂ, ಬಾಯಿ ಬಿಟ್ಟೆ.

"ಇವಂದೇ ಇರಬೇಕು ಬಿಡ್ರಿ. ಇವನಿಗೆ ಮೊದ್ಲಿಂದ ಈ ಹುಚ್ಚು ಐತೆ."

ಅಷ್ಟೇ. ಅಷ್ಟು ಸಾಕಾಯಿತು. ಪೇಟೆಯಲ್ಲಿ ಅವನಿಗೆ ಕೆಲಸ ಕೊಡುವವರಿಲ್ಲದಾಯಿತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಜಗಳೂರಿಗೆ ಹೋದ. ನಾನು ತಡೆಯಲಿಲ್ಲ. ಕೆಂಜಿಗನೂ ಸುಮ್ಮನಾದ — ಸುಮ್ಮನಾದರೆ ಅನುಮಾನ ದಾದಾಪೀರನ ಮೇಲೆಯೇ ಉಳಿಯುತ್ತದೆಂದು ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಾದೆ.

ವರ್ಷಗಳು ಕಳೆದವು. ಹೋದ ವಾರ ಮಳಿಗೆಯಲ್ಲಿ ಹೊಸ ವ್ಯಾಪಾರಿಯೊಬ್ಬ ಆ ಪದ್ಯ ಹೇಳಿ, "ಯಾವನೋ ಪೇಂಟರ್ ಬರೆದಿದ್ದಂತೆ, ಊರು ಬಿಡಿಸಿದ್ರಂತೆ" ಎಂದು ನಕ್ಕ. ನನ್ನ ಸಾಲು, ನನ್ನೆದುರಿಗೇ — ಆ ಹೊತ್ತಿಗೆ ಅದು ನನ್ನದೆಂಬ ಹೆಮ್ಮೆ ಮೊದಲು ಬಂತು, ನಾಚಿಕೆ ಆಮೇಲೆ. ಅದನ್ನೂ ಮುಚ್ಚಿಡುವುದಿಲ್ಲ.

ಮರುದಿನವೇ ಜಗಳೂರಿಗೆ ಹೋದೆ. ದಾದಾಪೀರ ಟ್ರಾಕ್ಟರಿನ ಹಿಂದೆ ಯಾರದೋ ಹೆಸರು ಬರೆಯುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ತಪ್ಪಾಯಿತು ಎಂದೆ. ಕುಂಚ ಕೆಳಗಿಡದೆ ಕೇಳಿಸಿಕೊಂಡ.

"ಪದ್ಯ ಚೆನ್ನಾಗಿತ್ತು ಸಾವ್ಕಾರ್ರೆ," ಅಂದ. "ನೀವು ಚೆನ್ನಾಗಿರಲಿಲ್ಲ."

ಮತ್ತೆ ಬರೆಯತೊಡಗಿದ. ಕೂತುಕೊಳ್ಳಿ ಎನ್ನಲಿಲ್ಲ.

ನಿನ್ನೆ ಅದೇ ವ್ಯಾಪಾರಿಗಳ ನಡುವೆ ನಿಂತು, ಕೆಂಜಿಗ ನಾನೇ ಎಂದೆ. ಪದ್ಯ ವಾಪಸು ತಗೋ, ಇಲ್ಲದಿದ್ದರೆ ನಿನ್ನ ಜೊತೆ ವ್ಯವಹಾರವಿಲ್ಲ ಎಂದರು. ಬೇಡ, ಬಿಡಿ. ಒಂದಕ್ಷರವನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ — ಬಣ್ಣ ಹಚ್ಚಿದವರಲ್ಲಿ ನಾನೂ ಒಬ್ಬ, ಆ ಮೂರು ಸಾಲು ನನಗೂ ಸೇರಿಯೇ ಬರೆದದ್ದು. ಪದ್ಯಕ್ಕಾಗಿ ಯಾರ ಕ್ಷಮೆಯನ್ನೂ ಕೇಳಲಾರೆ.

ಕ್ಷಮೆ ಕೇಳಬೇಕಾದವನನ್ನು ಕೇಳಿದ್ದೇನೆ. ಅವನು ಕೊಡಲಿಲ್ಲ. ಕೊಡಬೇಕಾಗಿಯೂ ಇಲ್ಲ.