ಶ್ವಾನದ ನೆಂಟರು, ನಾಯಿಯ ನೆರೆಹೊರೆ

ಮೊನ್ನೆ ಭಾನುವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಸುತ್ತ ಮೂವರಿದ್ದೆವು: ನಾನು, ನಮ್ಮ ಯಜಮಾನರು ಮತ್ತು ಅವರ ಫೋನು. ಮೂವರಲ್ಲಿ ಹೆಚ್ಚು ಮಾತಾಡುವುದು ಮೂರನೆಯದೇ. ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ.

“ನೋಡೇ ಇಲ್ಲಿ,” ಎಂದರು. “ಐರ್ಲೆಂಡು, ಸ್ಕಾಟ್ಲೆಂಡಿನ ಹಳೇ ಭಾಷೆಗಳೆಲ್ಲ ಸಂಸ್ಕೃತದ ಹೆಣ್ಣುಮಕ್ಕಳಂತೆ. ಕನ್ನಡವೂ ಅದೇ ಮನೆತನದ ಕುಡಿಯಂತೆ. ಅಮೆರಿಕದ ವಿದ್ವಾಂಸೆ ಒಬ್ರು ಪ್ರೂವ್ ಮಾಡಿದಾರಂತೆ. ನಮ್ಮ ಕನ್ನಡ ಕೂಟದ ವಾಟ್ಸಾಪ್ ಗ್ರೂಪಲ್ಲಿ ಬಂದಿದೆ.”

ನನ್ನ ಕೈ ನಿಂತಿತು. ಆ ಎರಡು ವಾಕ್ಯಗಳನ್ನು ನಾನು ಬಲ್ಲೆ. ಅಕ್ಷರ ಅಕ್ಷರವೂ ಗೊತ್ತು. ಆ ವಿದ್ವಾಂಸೆಯೂ ಗೊತ್ತು, ಅವರು ಹಾಗೆ ಬರೆಯಲಿಲ್ಲ ಎಂಬುದೂ ಗೊತ್ತು. ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು, ಸತ್ತಿತು ಅಂದುಕೊಂಡಿದ್ದ ಸುಳ್ಳು ಮಕ್ಕಳು ಮೊಮ್ಮಕ್ಕಳನ್ನು ಹೆತ್ತುಕೊಂಡು ನನ್ನ ಅಡುಗೆಮನೆಗೇ ಬಂದು ಕೂತಿದೆ. ನೀವಾದರೂ ಹೇಳಿ, ಸೊಪ್ಪು ಬಿಡಿಸುವುದು ಹೇಗೆ?

ನನಗೆ ಕೋಪ ಬೇಗ ಬರುವುದಿಲ್ಲ. ಬಂದರೆ ಹೋಗುವುದಿಲ್ಲ. ಇದು ಅಜ್ಜಿಯಿಂದ ಬಂದದ್ದು. ಮಾತೂ ಅವರಿಂದಲೇ ಬಂದದ್ದು. ನನ್ನ ಕನ್ನಡ ಶಾಲೆಯದಲ್ಲ. ಅಜ್ಜಿ ಹಪ್ಪಳ ಒತ್ತುತ್ತಾ, ಬತ್ತಿ ಹೊಸೆಯುತ್ತಾ, ಬಂದವರನ್ನೆಲ್ಲ ವಿಚಾರಿಸುತ್ತಾ ಆಡಿದ್ದನ್ನು ಪಕ್ಕದಲ್ಲಿ ಕೂತು ಕೇಳಿ ಕಲಿತದ್ದು. ಹೊಸ ಮುಖ ಕಂಡರೆ ಅಜ್ಜಿಯ ಮೊದಲ ಪ್ರಶ್ನೆ “ಯಾರ ಪೈಕಿ?” ಎಂದು. ಯಾವ ಮನೆ, ಯಾರ ಮಗಳು, ಯಾರಿಗೆ ಕೊಟ್ಟಿದ್ದಾರೆ, ಎಲ್ಲ ಹೊರಬರುವವರೆಗೆ ಕಾಫಿ ಬರುತ್ತಿರಲಿಲ್ಲ. ಯಾರಾದರೂ ಊಟದ ಆಸೆಗೆ ಇಲ್ಲದ ನೆಂಟಸ್ತಿಕೆ ಹೇಳಿದರೆ ಊಟ ಹಾಕುತ್ತಿದ್ದರು, ನೆಂಟಸ್ತಿಕೆ ಒಪ್ಪುತ್ತಿರಲಿಲ್ಲ. “ಹೊಟ್ಟೆ ತುಂಬ ಉಣ್ಣಪ್ಪ. ಆದ್ರೆ ನೀನು ನಮ್ಮೋನಲ್ಲ,” ಎಂದು ಎಲೆಯ ಮುಂದೆಯೇ ಹೇಳುತ್ತಿದ್ದರು.

ಇಂಥದೇ ಇನ್ನೊಬ್ಬ ಅಜ್ಜಿ ನನಗೆ ಸಿಕ್ಕಿದ್ದು ಅಮೆರಿಕದಲ್ಲಿ, ವಾಷಿಂಗ್ಟನ್ ಹತ್ತಿರದ ಹರ್ನ್‌ಡನ್ನಿನಲ್ಲಿ, ತೊಂಬತ್ತರ ದಶಕದಲ್ಲಿ. ಯಜಮಾನರಿಗೆ ವಿಮಾನ ನಿಲ್ದಾಣದ ಹತ್ತಿರ ಕಾಂಟ್ರ್ಯಾಕ್ಟ್ ಕೆಲಸ. ಆ ವರ್ಷಗಳಲ್ಲಿ ಅವರು ವಾಸವಿದ್ದದ್ದು ಟೋಲ್ ರೋಡಿನಲ್ಲಿ, ಮನೆಗೆ ಉಣ್ಣಲು ಬರುತ್ತಿದ್ದರು, ಅಷ್ಟೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಗೋಡೆಯ ಆಚೆ ಮಿಸ್ ಎಫಿ.

ಮಿಸ್ ಎಂದರೆ ಮದುವೆಯಾಗದವರು ಎಂದಲ್ಲ. ಅವರು ಉತ್ತರ ಕ್ಯಾರೊಲೈನಾದವರು. ಆ ಕಡೆ ಹಿರಿಯ ಹೆಂಗಸರ ಹೆಸರಿಗೆ ಮಿಸ್ ಸೇರಿಸುವುದು ಮರ್ಯಾದೆ, ನಾವು ಅಮ್ಮ ಸೇರಿಸುವ ಹಾಗೆ. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾಗಿದ್ದರು. ಅವರ ಅಜ್ಜಿಯ ಬಾಯಲ್ಲಿ ಸ್ಕಾಟ್ಲೆಂಡಿನಿಂದ ವಲಸೆ ಬಂದ ಹಿರಿಯರ ಗೇಲಿಕ್ ಚೂರುಪಾರು ಉಳಿದಿತ್ತಂತೆ, ನಾಯಿಯನ್ನು ಗದರಲು, ಹಸುವನ್ನು ಕರೆಯಲು, ದೇವರನ್ನು ನೆನೆಯಲು ಬೇಕಾದಷ್ಟು. ಆ ಚೂರುಗಳನ್ನು ಹಿಡಿದುಕೊಂಡು ಮಿಸ್ ಎಫಿ ಕೆಲ್ಟಿಕ್ ಮನೆತನದ ಶಬ್ದಗಳನ್ನು, ಅಂದರೆ ಗೇಲಿಕ್, ಐರಿಷ್, ವೆಲ್ಷ್, ಬ್ರೆಟನ್ ಮತ್ತು ಒಂದು ಕಾಲಕ್ಕೆ ಫ್ರಾನ್ಸಿನಲ್ಲಿದ್ದು ಅಳಿದುಹೋದ ಗಾಲಿಷ್ ಶಬ್ದಗಳನ್ನು, ಹುಡುಕಿ ಕಾರ್ಡುಗಳ ಮೇಲೆ ಬರೆದಿಡುತ್ತಿದ್ದರು. ಕಾರ್ಡಿನ ನಡುವೆ ಶಬ್ದ, ಸುತ್ತ ಯುರೋಪಿನ ಬೇರೆ ಭಾಷೆಗಳಲ್ಲಿರುವ ಅದರ ನೆಂಟರು. ಕಾರ್ಡುಗಳೆಲ್ಲ ಶೂ ಡಬ್ಬಗಳಲ್ಲಿ. ಡಬ್ಬಗಳು ಊಟದ ಮೇಜಿನ ಮೇಲೆ. ಹಾಗಾಗಿ ಅವರು ಊಟ ಮಾಡುತ್ತಿದ್ದದ್ದು ನಿಂತುಕೊಂಡು.

ಅವರು ಆಡಿದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಅದು ಅಜ್ಜಿಯ ಧಾಟಿಯಲ್ಲೇ ಕೇಳುತ್ತದೆ, ಹಾಗೇ ಬರೆಯುತ್ತೇನೆ.

ಒಂದು ದಿನ ಮಾತಿಗೆ, ನಮ್ಮೂರ ಡಾಕ್ಟರರ ದಪ್ಪ ಬಿಳಿ ಅಂಬಾಸಿಡರ್ ಕಾರಿನ ವಿಷಯ ಹೇಳಿದೆ. ಮಿಸ್ ಎಫಿ ಚಹದ ಲೋಟ ಕೆಳಗಿಟ್ಟು ಎರಡು ಡಬ್ಬ ತೆರೆದರು. ಕಾರು ಗಾಲಿಷಿನ ಗಾಡಿ, ಅದು ಲ್ಯಾಟಿನ್ನಿಗೆ ಹೋಗಿ ಇಂಗ್ಲಿಷಿಗೆ ಬಂತು. ಅಂಬಾಸಿಡರೂ ಗಾಲಿಷಿನದೇ, ಮೂಲದಲ್ಲಿ ಯಜಮಾನನ ಸುತ್ತ ಓಡಾಡುವ ಆಳು ಎಂದರ್ಥ. ಜರ್ಮನ್ನರು ಕಚೇರಿಗೆ ಅನ್ನುವ ಮಾತೂ ಅದರ ಹೊಟ್ಟೆಯಲ್ಲಿ ಹುಟ್ಟಿದ್ದು.

“ವಾಷಿಂಗ್ಟನ್ ತುಂಬ ಧ್ವಜ ಹಾರಿಸ್ಕೊಂಡು ಓಡಾಡ್ತಾರಲ್ಲ, ಅವರೆಲ್ಲ ಆಳುಗಳು ಕಣಮ್ಮ,” ಎಂದರು. “ನಿಮ್ಮ ಡಾಕ್ಟರು ಆಳಿನ ಗಾಡೀಲಿ ಬರ್ತಿದ್ರು ಅಂತ ಅವರಿಗೆ ಹೇಳಬೇಡ.”

ನಗುವ ಹೆಂಗಸೇ. ಆದರೆ ಕಾರ್ಡಿನ ಮುಂದೆ ಕೂತರೆ ನಗುವಿಲ್ಲ. ಅವರ ದಾಯಾದಿಗಳು ಕ್ಯಾರೊಲೈನಾದಲ್ಲಿ ಯಾರಿಗೋ ಹೇಳಿ ವಂಶವೃಕ್ಷ ಬರೆಸಿ, ತಮ್ಮ ಬೇರನ್ನು ಸ್ಕಾಟ್ಲೆಂಡಿನ ಒಬ್ಬ ಪಾಳೆಯಗಾರನ ಕಾಲಿಗೆ ಕಟ್ಟಿ ನಡುಮನೆಯಲ್ಲಿ ತೂಗುಹಾಕಿದ್ದರಂತೆ. ಮಿಸ್ ಎಫಿ ಆ ಮನೆಗೆ ಹೋಗುವುದನ್ನೇ ಬಿಟ್ಟರು. “ಮೀನು ಹಿಡಿಯೋರ ಮಕ್ಕಳು ನಾವು. ಸುಳ್ಳು ನೆಂಟಸ್ತಿಕೆ ಹೇಳಿದ್ರೆ ನಿಜವಾದ ಅಜ್ಜಿ ಬೀದಿಗೆ ಬೀಳ್ತಾಳೆ,” ಎಂದರು. ಶಬ್ದಗಳ ವಿಷಯದಲ್ಲೂ ಹಾಗೇ. ಗುರುತು ಸಿಗದೆ ಒಬ್ಬ ನೆಂಟನನ್ನೂ ಬರೆಯುತ್ತಿರಲಿಲ್ಲ. ಎಷ್ಟೋ ಕಾರ್ಡುಗಳ ಸುತ್ತ ಬರೀ ಖಾಲಿ.

ಅವರ ಹತ್ತಿರ ಒಂದು ಮುದಿ ಬೇಟೆನಾಯಿ ಇತ್ತು. ನಿಮ್ಮ ಭಾಷೆಯಲ್ಲಿ ಇದಕ್ಕೇನನ್ನುತ್ತೀರಿ ಎಂದು ಮೊದಲ ವಾರವೇ ಕೇಳಿದಾಗ, ನಾನು ಓದಿದವಳು ಎಂದು ತೋರಿಸಿಕೊಳ್ಳಬೇಡವೇ, “ಶ್ವಾನ” ಎಂದೆ. ಅವರ ಮುಖ ಅರಳಿತು. ಗೇಲಿಕ್ಕಿನ ಕೂ, ವೆಲ್ಷಿನ ಕೀ, ಗ್ರೀಕಿನ ಕ್ಯೂಓನ್, ಲ್ಯಾಟಿನ್ನಿನ ಕಾನಿಸ್, ಜರ್ಮನ್ನಿನ ಹುಂಡ್, ಇಂಗ್ಲಿಷಿನ ಹೌಂಡ್, ಎಲ್ಲ ಅದರ ಒಡಹುಟ್ಟುಗಳು ಎಂದು ಕಾರ್ಡು ತೋರಿಸಿದರು. ನಾನು ಆ ದಿನ ಮನೆಗೆ ಸ್ವಲ್ಪ ಎತ್ತರವಾಗಿ ನಡೆದುಕೊಂಡು ಬಂದೆ.

ಆಮೇಲೊಂದು ದಿನ ಹಿತ್ತಿಲ ಕಟ್ಟೆಯಲ್ಲಿ ಸಂಡಿಗೆ ಒಣಹಾಕಿದ್ದೆ. ಆ ಮುದಿ ಪ್ರಾಣಿ ಬಂದು ಬಾಯಿ ಹಾಕಿತು. “ಥೂ ನಾಯಿ, ಹಾಳು ನಾಯಿ,” ಎಂದು ಪೊರಕೆ ಹಿಡಿದು ಓಡಿದೆ. ಬೇಲಿಯಾಚೆ ಮಿಸ್ ಎಫಿ ನಿಂತಿದ್ದರು.

“ಈಗೇನಂದೆ?”

ಹೇಳಲೇಬೇಕಾಯಿತು. ಶ್ವಾನ ನಮಗೆ ಸಂಸ್ಕೃತದಿಂದ ಬಂದ ಮಾತು, ಪೊಲೀಸರ ಶ್ವಾನದಳದಲ್ಲಿ ಬಿಟ್ಟರೆ ಅದನ್ನು ಯಾರೂ ಆಡುವುದಿಲ್ಲ, ಮನೆಯ ಮಾತು ನಾಯಿ, ಆ ನಾಯಿಗೆ ನಿಮ್ಮ ಕೂ-ಕೀಗಳ ಕಡೆ ಯಾರೂ ನೆಂಟರಿಲ್ಲ, ಅದು ತಮಿಳು ತೆಲುಗು ಮಲಯಾಳಗಳ ಮನೆಯದು, ಆ ಮನೆಯೇ ಬೇರೆ ಎಂದು. ನನಗೆ ನಾಚಿಕೆ. ಅವರಿಗೆ ಸಂತೋಷ. “ಇಷ್ಟು ದಿನ ನನಗೆ ನೆಂಟರ ಬೆಳ್ಳಿ ತಟ್ಟೆ ತೋರಿಸಿದೆ. ಇವತ್ತು ನೀನು ಉಣ್ಣೋ ತಟ್ಟೆ ತೋರಿಸಿದೆ,” ಎಂದು ಕಾರ್ಡಿನ ತಳದಲ್ಲಿ ಹೊಸದೊಂದು ಗೆರೆ ಎಳೆದರು. ಆ ಗೆರೆಗೆ ನೆರೆಹೊರೆ ಎಂದು ಹೆಸರಿಟ್ಟರು. ಅಲ್ಲಿ ನಾಯಿ ಬಂತು. ಅಂದಿನಿಂದ ಪ್ರತಿ ಕಾರ್ಡಿಗೂ ಒಂದು ನೆರೆಯ ಗೆರೆ. ಆಕಳು, ಮೀನು ಎಲ್ಲ ಒಂದೊಂದೇ ಬಂದು ಆ ಗೆರೆಯ ಮೇಲೆ ಕೂತವು.

ಇದನ್ನೆಲ್ಲ ಒಂದು ಪುಟ್ಟ ಲೇಖನ ಮಾಡಿ ಕೊಡಿ, ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಅನುವಾದಿಸುತ್ತೇನೆ ಎಂದವಳು ನಾನೇ. ತಪ್ಪಿನ ಬೀಜ ಬಿತ್ತಿದವಳೂ ನಾನೇ ಅನ್ನಿ. ಅವರು ತಿಂಗಳುಗಟ್ಟಲೆ ತಿದ್ದಿ ಬರೆದರು. ಅವರ ಹೆಸರು ಅಚ್ಚಿನಲ್ಲಿ ಬರುವುದು ಅದೇ ಮೊದಲು. ಕೊನೆಯ ಸಾಲುಗಳು ಹೀಗಿದ್ದವು: “ಕೆಲ್ಟಿಕ್ ಭಾಷೆಗಳೂ ಸಂಸ್ಕೃತವೂ ದಾಯಾದಿಗಳು, ತಾಯಿ-ಮಗಳಲ್ಲ. ಕನ್ನಡ ಈ ಮನೆತನದ್ದಲ್ಲ. ಅದಕ್ಕೆ ತನ್ನದೇ ದೊಡ್ಡ ಮನೆಯಿದೆ. ಅದು ನಮ್ಮ ನೆರೆ.”

ದಾಯಾದಿ ಎಂದರೆ ನಮ್ಮಲ್ಲಿ ಜಮೀನಿಗಾಗಿ ಕೋರ್ಟಿಗೆ ಹೋಗುವವರು ಎಂಬ ಅರ್ಥವೂ ಇದೆ ಎಂದು ಎಚ್ಚರಿಸಿದ್ದೆ. “ಹಾಗಾದ್ರೆ ಸರಿಯಾದ ಮಾತೇ,” ಎಂದಿದ್ದರು.

ಯುಗಾದಿಯ ದಿನ ಸೆಂಟರ್‌ವಿಲ್ಲಿನ ಶಾಲೆಯ ಊಟದ ಹಾಲಿನಲ್ಲಿ ಸಂಚಿಕೆಯ ಬಿಡುಗಡೆ. ಅಚ್ಚಿನವರು ತಡಮಾಡಿದ್ದರಿಂದ ಲೇಖಕರಿಗೆ ಮಾತ್ರ ಒಂದೊಂದು ಪ್ರತಿ, ಉಳಿದವರಿಗೆ ಮೇ ತಿಂಗಳ ಪಿಕ್ನಿಕ್ಕಿನಲ್ಲಿ ಎಂದರು. ಮಿಸ್ ಎಫಿ ನನ್ನ ಹಳೆಯ ಮೈಸೂರು ಸಿಲ್ಕ್ ಶಾಲು ಹೊದ್ದು ಬಂದಿದ್ದರು. ಪುಟ ತೆರೆದು, “ಓದಮ್ಮ, ಕನ್ನಡದಲ್ಲಿ ಹೇಗೆ ಕೇಳುತ್ತೋ ನೋಡೋಣ. ಆಮೇಲೆ ಅರ್ಥ ಹೇಳು,” ಎಂದರು.

ಓದುತ್ತಾ ಹೋದೆ. ಕೊನೆಗೆ ಬಂದಾಗ ಪುಟದಲ್ಲಿ ಇದ್ದದ್ದು: “ಕೆಲ್ಟಿಕ್ ಭಾಷೆಗಳು ಸಂಸ್ಕೃತದ ಹೆಣ್ಣುಮಕ್ಕಳು. ಕನ್ನಡವೂ ಅದೇ ಮನೆತನದ ಕುಡಿ.”

ಅವರ ಮುಖ ನೋಡಿದೆ. ಶಾಲು ನೋಡಿದೆ. ಬಾಯಿಗೆ ಬಂದದ್ದು ಅವರು ಬರೆದ ಸಾಲುಗಳೇ. ಪುಟದಲ್ಲಿ ಇಲ್ಲದ್ದನ್ನು ಇದ್ದಂತೆ ಓದಿ, ಅರ್ಥವನ್ನೂ ಹಾಗೇ ಹೇಳಿ ಮುಗಿಸಿದೆ. ಅವರು ಕಣ್ಣೊರೆಸಿಕೊಂಡರು.

ಸಂಪಾದಕರು ಶ್ರೀಪತಿ ಅಂಕಲ್. ಹಿರಿಯ ಎಂಜಿನಿಯರು, ಕೂಟದ ಕಂಬ. ಕೋಸಂಬರಿ ಬಡಿಸುತ್ತಿದ್ದವರನ್ನು ಪಕ್ಕಕ್ಕೆ ಕರೆದೆ.

“ಸ್ವಲ್ಪ ಎಡಿಟ್ ಮಾಡ್ದೆ ಅಷ್ಟೇ ಕಣಮ್ಮ,” ಎಂದರು. “ಓದೋರಿಗೆ ಪ್ರೌಡ್ ಫೀಲ್ ಆಗ್ಬೇಕಲ್ವಾ? ನಮ್ಮ ಮಕ್ಕಳು ಇಲ್ಲಿ ಬೆಳೀತಿವೆ. ದಾಯಾದಿ, ನೆರೆ ಅಂದ್ರೆ ಅವಕ್ಕೆ ಏನು ಇನ್‌ಸ್ಪೈರ್ ಆಗುತ್ತೆ?”

“ಅಂಕಲ್, ಅದು ಅವರ ಹೆಸರಲ್ಲಿದೆ.”

“ಅವರಿಗೆ ಕನ್ನಡ ಓದಕ್ಕೆ ಬರಲ್ವಲ್ಲ.”

ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಜಾಣತನಕ್ಕೆ ಸುಳ್ಳು ಹೇಳಿದವರನ್ನು ಕಂಡಿದ್ದೇನೆ, ಹೊಟ್ಟೆಪಾಡಿಗೆ ಹೇಳಿದವರನ್ನೂ ಕಂಡಿದ್ದೇನೆ. ಒಬ್ಬ ಮುದುಕಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯದಿಂದ ಅವಳ ಬಾಯಿಂದಲೇ ಸುಳ್ಳಾಡಿಸಿ, ಕೋಸಂಬರಿಯ ಸೌಟು ಕೈಬಿಡದೆ ನಿಂತವರು ಇವರೊಬ್ಬರೇ. ಇನ್ನೂ ಒಂದು ಇದೆ. ಕನ್ನಡಕ್ಕೆ ಗೌರವ ತರುತ್ತೇನೆಂದು ಕನ್ನಡವನ್ನು ಪರರ ಮನೆಯ ಪಂಕ್ತಿಯಲ್ಲಿ ಕೂರಿಸಿದರು. ಸ್ವಂತ ಮನೆಯಿರುವವಳಿಗೆ ಇದಕ್ಕಿಂತ ಅವಮಾನ ಬೇಕೆ?

ಆದರೆ ನಾನೇನು ಮಾಡಿದೆ? ಮನೆಗೆ ಬಂದು ಸುಮ್ಮನಿದ್ದೆ. ಮಿಸ್ ಎಫಿ ಆ ಪುಟಕ್ಕೆ ಕಟ್ಟು ಹಾಕಿಸಿ ಡಬ್ಬಗಳ ಮೇಲಿನ ಗೋಡೆಗೆ ತೂಗುಹಾಕಿದರು. ವಂಶವೃಕ್ಷ ತೂಗುಹಾಕಿದ ಮನೆಗೆ ಹೋಗದ ಹೆಂಗಸು, ತನ್ನ ಗೋಡೆಯ ಮೇಲೆ ಅಂಥದೇ ಸುಳ್ಳನ್ನು ತೂಗುಹಾಕಿಕೊಂಡು, ಬಂದವರಿಗೆಲ್ಲ ತೋರಿಸುತ್ತಿದ್ದರು. ಅದರ ಕೆಳಗೆ ಕೂತು ನಾನು ಮೂರು ವಾರ ಚಹ ಕುಡಿದೆ. ನಾಲ್ಕನೆಯ ವಾರ ಲೋಟ ಕೆಳಗಿಟ್ಟೆ. ಹೇಳಿಬಿಟ್ಟೆ.

ಅವರು ಎದ್ದು ಕಟ್ಟನ್ನು ಇಳಿಸಿದರು. ಹಿಂದಿನ ಮೊಳೆಗಳನ್ನು ಬೆಣ್ಣೆ ಚಾಕುವಿನಿಂದ ಒಂದೊಂದಾಗಿ ಬಿಚ್ಚಿ ಪುಟ ಹೊರತೆಗೆದರು.

“ಯಾವ ಸಾಲು?”

ತೋರಿಸಿದೆ.

“ಅವನು ಸುಳ್ಳು ಬರೆದ,” ಎಂದರು. “ನೀನು ಸುಳ್ಳು ಓದಿದೆ. ಅವನು ನನಗೆ ಯಾರೂ ಅಲ್ಲ.”

ಅಷ್ಟೇ ಬೈದದ್ದು. ಅಜ್ಜಿಯ ಸೌದೆಯ ಏಟು ಇದಕ್ಕಿಂತ ಹಗುರವಾಗಿತ್ತು. ಆಮೇಲೆ ಒಂದು ಖಾಲಿ ಕಾರ್ಡು ನನ್ನ ಮುಂದೆ ತಳ್ಳಿ, ದಾಯಾದಿ ಮತ್ತು ನೆರೆ ಎಂಬ ಎರಡು ಮಾತನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡು ಎಂದರು. ಪಿಕ್ನಿಕ್ಕಿನವರೆಗೆ ದಿನಾ ತಿದ್ದಿದರು, ಒಂದನೇ ಕ್ಲಾಸಿನ ಮಗುವಿನ ಹಾಗೆ, ನಾಲಗೆಯ ತುದಿ ಹೊರಗಿಟ್ಟುಕೊಂಡು.

ಪಿಕ್ನಿಕ್ಕಿನ ದಿನ ಸಂಚಿಕೆಯ ಕಟ್ಟುಗಳಿದ್ದ ಮೇಜಿನ ಹಿಂದೆ ಹೋಗಿ ಕೂತರು. ಕೈಯಲ್ಲಿ ಹಸಿರು ಶಾಯಿಯ ಪೆನ್ನು. ಮಕ್ಕಳ ಲ್ಯಾಟಿನ್ ತಿದ್ದುತ್ತಿದ್ದದ್ದೂ ಅದರಲ್ಲೇ. ಒಂದೊಂದು ಪ್ರತಿ ತೆರೆದು, ಎರಡು ವಾಕ್ಯ ಹೊಡೆದುಹಾಕಿ, ಪಕ್ಕದಲ್ಲಿ ಎರಡು ಮಾತು ಬರೆದು ಮುಚ್ಚುತ್ತಾ ಹೋದರು. ಜನ ಅದನ್ನು ಹಸ್ತಾಕ್ಷರ ಅಂದುಕೊಂಡರು. ಸಾಲು ನಿಂತರು. “ಆಂಟಿ, ನಂದೂ ಸೈನ್ ಮಾಡಿ,” ಎಂದು ಬಿಸಿಬೇಳೆ ಭಾತಿನ ತಟ್ಟೆ ಹಿಡಿದುಕೊಂಡೇ ಚಾಚಿದರು.

ಶ್ರೀಪತಿ ಅಂಕಲ್ ಓಡಿಬಂದರು. “ಏನಮ್ಮ ಇದು, ಬುಕ್ ಹಾಳ್ ಮಾಡ್ತಿದಾರೆ. ಹೇಳು ಅವರಿಗೆ.”

“ನೀವೇ ಹೇಳಿ ಅಂಕಲ್,” ಎಂದೆ. “ಅವರಿಗೆ ಇಂಗ್ಲಿಷ್ ಬರುತ್ತೆ.”

ಅವರು ಮರದ ಕೆಳಗೆ ಹೋಗಿ ನಿಂತರು. ಸಾಲಿನ ಕೊನೆಯಲ್ಲಿ ಅವರ ಹೆಂಡತಿ ಜಯಾ ಆಂಟಿ ಬಂದು ಪ್ರತಿ ಚಾಚಿ, “ನಮ್ಮನೇದೂ ಒಂದು,” ಎಂದರು. ಮಿಸ್ ಎಫಿ ಅದನ್ನೂ ತಿದ್ದಿದರು. ಬೆರಳೆಲ್ಲ ಹಸಿರು.

ಎರಡು ವರ್ಷದ ಮೇಲೆ ಮಿಸ್ ಎಫಿ ತೀರಿಕೊಂಡರು. ಡಬ್ಬಗಳು ಕ್ಯಾರೊಲೈನಾಕ್ಕೆ, ಅವರ ತಂಗಿಯ ಮಗಳ ಮನೆಗೆ ಹೋದವು. ಆ ಗೋಡೆಯಾಚೆ ಬೇರೆಯವರು ಬಂದರು. ನಾವೂ ಮನೆ ಬದಲಾಯಿಸಿದೆವು. ಯುಗಾದಿಯ ದಿನವೇ ಇತರ ಲೇಖಕರ ಕೈಸೇರಿದ್ದ ತಿದ್ದದ ಪ್ರತಿಗಳು ಎಲ್ಲಿಗೆ ಹೋದವೋ ನಾನು ಯೋಚಿಸಲಿಲ್ಲ.

ಮೊನ್ನೆ ಭಾನುವಾರ ನಾನು ಸೊಪ್ಪು ಬಿಟ್ಟು ಎದ್ದೆ. ಕಪಾಟಿನ ತಳದಿಂದ ಆ ಸಂಚಿಕೆ ಎಳೆದು, ಹಸಿರು ಶಾಯಿಯ ಪುಟದ ಫೋಟೋ ತೆಗೆದು, ಗ್ರೂಪಿಗೆ ಹಾಕಿದೆ. ಆ ಗ್ರೂಪಿನಲ್ಲಿ ನಾನು ಅಲ್ಲಿಯವರೆಗೆ ಹುಟ್ಟುಹಬ್ಬದ ಶುಭಾಶಯ ಬಿಟ್ಟು ಬೇರೇನೂ ಹಾಕಿದವಳಲ್ಲ. “ಇದನ್ನು ಬರೆದವರು ತಿದ್ದಿದ್ದು ಹೀಗೆ. ನಾನು ಪಕ್ಕದಲ್ಲಿದ್ದೆ,” ಎಂದು ಕೆಳಗೆ ಬರೆದೆ. ಯಜಮಾನರು, “ಸುಮ್ನೆ ಯಾಕೆ ಜಗಳ,” ಎಂದರು.

ಒಂದು ಗಂಟೆಯ ಮೇಲೆ, ಈಗ ದೂರದ ಡುಲುತ್ ಊರಿನಲ್ಲಿರುವ ಕೂಟದ ಹಳಬರೊಬ್ಬರು ತಮ್ಮ ಪ್ರತಿಯ ಫೋಟೋ ಹಾಕಿದರು. ಅದೇ ಪುಟ, ಅದೇ ಹಸಿರು. ಇನ್ನೊಬ್ಬರು ಹಾಕಿದರು. ಸಂಜೆಯ ಹೊತ್ತಿಗೆ ಆರು.

ಏಳನೆಯದು ಜಯಾ ಆಂಟಿಯಿಂದ ಬಂತು. ಪುಟದ ಕೆಳಗೆ ಒಂದು ಸಾಲು ಬರೆದಿದ್ದರು: “ನಿಮ್ಮ ಅಂಕಲ್ ಪಕ್ಕದಲ್ಲೇ ಕೂತಿದಾರೆ. ಓದಿದಾರೆ.”